ಬಣ್ಣದ ಬೋಯರ್ ಆಡಿಗೆ ಹರಾಜಿನಲ್ಲಿ ಸವಾಲು ಕೂಗುವ ಮುನ್ನ: ಕೊಪ್ಪಳ ಸೀಮೆಯ ಆಡು ಸಾಕಣೆದಾರರಿಗೆ ಸಮಗ್ರ ಮಾರ್ಗದರ್ಶಿ

ಬೋಯರ್ ಎಂಬ ಹೊರದೇಶದ ಮಾಂಸದ ತಳಿಯ, ಮೈತುಂಬ ಚುಕ್ಕಿ ಇರುವ ಹೋತದ ವಿಡಿಯೊ ಒಂದು ಬಂತೆಂದರೆ ಸಾಕು, ಕುಷ್ಟಗಿಯಿಂದ ಸಿಂಧನೂರಿನವರೆಗೆ ಆಡು ಸಾಕುವವರ ಮೊಬೈಲ್‌ಗಳಲ್ಲೆಲ್ಲ ಅದು ಸುತ್ತುತ್ತದೆ. ಕೆಳಗೆ ಬರೆದಿರುವ ಬೆಲೆ ನೋಡಿ ಕೆಲವರು ನಗುತ್ತಾರೆ, ಕೆಲವರು ಬ್ಯಾಂಕಿನ ಪಾಸ್‌ಬುಕ್ ತೆಗೆಯುತ್ತಾರೆ. ಆ ಬೆಲೆಯನ್ನು ಯಾರಾದರೂ ನಿಜವಾಗಿ ಕೊಟ್ಟರೇ, ಕೊಟ್ಟವರು ಆಮೇಲೆ ಅದರ ಮರಿಗಳನ್ನು ಯಾರಿಗೆ ಮಾರಿದರು ಎಂಬ ವಿಡಿಯೊ ಮಾತ್ರ ಎಂದೂ ಬರುವುದಿಲ್ಲ.

ಬಣ್ಣಕ್ಕೆ ಬೇಡಿಕೆ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇದೆ. ಆದರೆ ಬಣ್ಣವನ್ನು ಮರೆತು ನೋಡಿದರೂ ಬೀಜಕ್ಕೆ, ಅಂದರೆ ಮರಿ ಹುಟ್ಟಿಸಲು, ನಿಲ್ಲುವ ಹೋತಕ್ಕೆ ಮಾತ್ರ ಬಣ್ಣದ ಮೇಲೆ ಹೆಚ್ಚಿನ ರೊಕ್ಕ ಹಾಕಬೇಕು. ಅದೂ ಆ ಬಣ್ಣದ ಮರಿ ಕೇಳುವ ಗಿರಾಕಿ ಯಾರೆಂದು ಗೊತ್ತಿದ್ದಾಗ. ಕೆಳಗಿನ ಹಂತಗಳನ್ನು ಇದೇ ಲೆಕ್ಕದಲ್ಲಿ ಜೋಡಿಸಿದ್ದೇನೆ.

ಹಂತ 1: ಬಣ್ಣದ ಬೋಯರ್ ಯಾವುದು, ಯಾವುದಲ್ಲ

ಬೋಯರ್ ದಕ್ಷಿಣ ಆಫ್ರಿಕಾದ ಮಾಂಸದ ತಳಿ. ಅಲ್ಲಿನ ಈಸ್ಟರ್ನ್ ಕೇಪ್ ಭಾಗದ ರೈತರು 20ನೇ ಶತಮಾನದ ಮೊದಲ ದಶಕಗಳಲ್ಲಿ ಆರಿಸಿ ಆರಿಸಿ ಬೆಳೆಸಿದ್ದು. 1959ರಲ್ಲಿ ಅಲ್ಲಿ ತಳಿಗಾರರ ಸಂಘ ಹುಟ್ಟಿತು. ಬಿಳಿ ಮೈ, ಕೆಂಪು ತಲೆ ಮತ್ತು ಕಿವಿ, ಹಣೆಯಿಂದ ಮೂತಿಗೆ ಇಳಿಯುವ ಬಿಳಿ ಪಟ್ಟೆ: ಅವರ ಮಾನದಂಡದ ಬೋಯರ್ ಇದೇ.

ಈ ಆಡು ಅಮೆರಿಕಕ್ಕೆ ಹೋದದ್ದು 1993ರಲ್ಲಿ. ಅದೇ ವರ್ಷ ಶುರುವಾದ ಅಮೆರಿಕನ್ ಬೋಯರ್ ಗೋಟ್ ಅಸೋಸಿಯೇಷನ್ ಬಣ್ಣವನ್ನು ನೋಂದಣಿಗೆ ಅಡ್ಡಿ ಮಾಡಲಿಲ್ಲ. ಹೀಗಾಗಿ ಅಲ್ಲಿನ ತಳಿ ಹರಾಜುಗಳಲ್ಲಿ ಪೂರ್ತಿ ಕೆಂಪು, ಪೂರ್ತಿ ಕರಿ, ದೊಡ್ಡ ದೊಡ್ಡ ಮಚ್ಚೆಯ ಪೇಂಟ್, ಮೈತುಂಬ ಚುಕ್ಕಿಯ ಡ್ಯಾಪಲ್ ಎಂದು ಬೇರೆ ಬೇರೆ ಗಿರಾಕಿಗಳೇ ಹುಟ್ಟಿಕೊಂಡರು. ಬಣ್ಣದ ಬೋಯರ್‌ನ ಮೋಹ ಬೆಳೆದದ್ದು ತಳಿಯ ತವರಿನಲ್ಲಲ್ಲ, ಅಮೆರಿಕದ ಹರಾಜು ಕಟ್ಟೆಗಳಲ್ಲಿ. ಅಲ್ಲೂ ಅದೇ ಡ್ಯಾಪಲ್ ಹೋತವನ್ನು ಮಾಂಸದ ಹರಾಜಿಗೆ ಒಯ್ದರೆ ತೂಕಕ್ಕೇ ರೇಟು. ದಕ್ಷಿಣ ಆಫ್ರಿಕಾದ ಕಲಹರಿ ರೆಡ್ ಬೇರೆಯೇ ತಳಿ. ಕೆಂಪು ಬೋಯರ್‌ಗೆ ಆ ಹೆಸರು ಹಚ್ಚಿ ಮಾರಲು ಬಂದವರನ್ನು ಅಲ್ಲೇ ನಿಲ್ಲಿಸಿ ಕೇಳಿ.

ನಮ್ಮ ಕಡೆಯ ಜನಕ್ಕೆ ಮೈಬಣ್ಣದ ಬೆಲೆ ಹೊಸದೇನಲ್ಲ. ರಾಯಚೂರು, ಕೊಪ್ಪಳದ ಕೆಂಗುರಿಯ ಕೆಂಪು ನೋಡಿಯೇ ಕುರಿಗಾರರು ಕುರಿಯ ಜಾತಿ ಹೇಳುತ್ತಾರೆ. ತಲೆಮಾರುಗಳಿಂದ ಆರಿಸಿ ಉಳಿಸಿದ ಬಣ್ಣ ಅದು, ಹಾಗಾಗಿ ಅದು ತಳಿಯ ಗುರುತು. ನಮ್ಮ ಸಂತೆಗೆ ಬರುವ ಬಣ್ಣದ ಬೋಯರ್‌ನಲ್ಲಿ ಇದೇ ಲೆಕ್ಕ ತಲೆಕೆಳಗಾಗಬಹುದು. ಸಿರೋಹಿಯ ಕಂದು ಮಚ್ಚೆ, ಬಾರ್ಬರಿಯ ಚುಕ್ಕಿ, ಬೀಟಲ್‌ನ ಕರಿ, ಉಸ್ಮಾನಾಬಾದಿಯ ಕರಿ, ನಮ್ಮ ದೇಶದ ಆಡು ತಳಿಗಳ ಈ ಬಣ್ಣಗಳೆಲ್ಲ ಬೋಯರ್ ಮಿಶ್ರಣದಲ್ಲಿ ಮೇಲೆದ್ದು ಬರುತ್ತವೆ. ಅಂಥ ಆಡಿನಲ್ಲಿ ಬಣ್ಣ ಹೇಳುವುದು ಬೆರಕೆಯ ಕತೆಯನ್ನೇ. ಬೆರಕೆ ಕೆಟ್ಟದ್ದೇನೂ ಅಲ್ಲ, ಮಾಂಸಕ್ಕೆ ಸಾಕುವವರಿಗೆ ಬಹಳ ಸಲ ಅದೇ ಒಳ್ಳೆಯದು. ಆದರೆ ಬೆರಕೆಗೆ ಅಪ್ಪಟದ ಬೆಲೆ ಕೊಡಬಾರದು.

ಹಂತ 2: ಗಿರಾಕಿಗಳನ್ನು ಬೇರೆ ಬೇರೆ ಮಾಡಿ

ಬೇಡಿಕೆ ಹೇಗಿದೆ ಎಂದು ಒಟ್ಟಾರೆ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾರ ಬೇಡಿಕೆ ಎಂದು ಕೇಳಬೇಕು.

ಮಾಂಸದ ವ್ಯಾಪಾರಿಗೆ ಬಣ್ಣ ಕಾಣುವುದೇ ಇಲ್ಲ. ಸೊಂಟದ ಮೇಲೆ ಕೈಯಿಟ್ಟು ಒತ್ತುತ್ತಾನೆ, ಎತ್ತಿ ನೋಡುತ್ತಾನೆ, ಮನಸ್ಸಿನಲ್ಲೇ ಕೆ.ಜಿ. ಹಾಕಿಕೊಳ್ಳುತ್ತಾನೆ. ನೀವು ಎಷ್ಟೇ ವರ್ಣಿಸಿದರೂ ಅವನ ಲೆಕ್ಕ ಅಷ್ಟೇ. ಹಿಂಡಿನಲ್ಲಿ ಹುಟ್ಟುವ ಗಂಡು ಮರಿಗಳಲ್ಲಿ ಬಹುಪಾಲು ಕೊನೆಗೆ ಸೇರುವುದು ಇವನ ಕೈಗೇ. ಇದನ್ನು ಮರೆತು ಹಾಕಿದ ಯೋಜನೆಗಳೆಲ್ಲ ಕಾಗದದಲ್ಲೇ ಲಾಭ ತೋರಿಸುತ್ತವೆ.

ಬಕ್ರೀದ್ ಗಿರಾಕಿ ಬೇರೆ ಥರ. ಅವರಿಗೆ ಆಡಿಗೆ ವರ್ಷ ತುಂಬಿರಬೇಕು, ಕಣ್ಣು, ಕಾಲು, ಕಿವಿ, ಕೊಂಬಿನಲ್ಲಿ ಊನ ಇರಬಾರದು. ನೋಟಕ್ಕೆ ಅವರು ಸಂತೋಷವಾಗಿ ಹೆಚ್ಚು ಕೊಡುತ್ತಾರೆ. ಜೋತಾಡುವ ಕಿವಿ, ಅಗಲವಾದ ಎದೆ, ಹೊಳೆಯುವ ಕೆಂಪು ಮೈ ಇರುವ ಬೋಯರ್ ಮಿಶ್ರಣ ಅವರ ಕಣ್ಣಿಗೆ ಬೇಗ ಬೀಳುತ್ತದೆ. ಬಣ್ಣದ ಗಂಡು ಮರಿಗೆ ನಮ್ಮಲ್ಲಿ ನಂಬಬಹುದಾದ ಹೆಚ್ಚುವರಿ ಬೆಲೆ ಇದೊಂದೇ ಎಂಬುದು ನನ್ನ ಅಭಿಪ್ರಾಯ. ಆದರೆ ಹಬ್ಬ ಪ್ರತಿ ವರ್ಷ 10–11 ದಿನ ಹಿಂದಕ್ಕೆ ಸರಿಯುತ್ತದೆ. ಗಬ್ಬದ 5 ತಿಂಗಳು, ಮರಿಗೆ 12 ತಿಂಗಳು ಎಂದರೆ ಹಬ್ಬಕ್ಕಿಂತ 17 ತಿಂಗಳು ಮೊದಲೇ ಹೋತ ಬಿಟ್ಟಿರಬೇಕು. ಕ್ಯಾಲೆಂಡರ್ ಮುಂದಿಟ್ಟುಕೊಂಡು ಲೆಕ್ಕ ಹಾಕುವವರಿಗಷ್ಟೇ ಈ ಪೇಟೆ.

ಹರಕೆಗೆ ಕರಿ ಹೋತ ಕೇಳುವವರು ಹಳ್ಳಿಹಳ್ಳಿಗೂ ಇದ್ದಾರೆ. ಅವರಿಗೆ ಕರಿ ಇದ್ದರಾಯಿತು, ಬೋಯರ್ ರಕ್ತಕ್ಕೆ ಹೆಚ್ಚುವರಿ ಪೈಸೆ ಕೊಡುವುದಿಲ್ಲ.

ಉಳಿದವರು ತಳಿ ಮಾಡುವವರು. ಬಣ್ಣಕ್ಕೆಂದೇ ದೊಡ್ಡ ಮೊತ್ತ ಎಣಿಸುವವರು ಇವರೊಬ್ಬರೇ, ಸಂಖ್ಯೆಯಲ್ಲಿ ಕಡಿಮೆ. ಇವರಲ್ಲೂ ಎರಡು ಬಗೆ. ಒಬ್ಬರು ತಮ್ಮ ಹಿಂಡಿಗೆ ಬೇಕೆಂದು ಕೊಳ್ಳುತ್ತಾರೆ. ಇನ್ನೊಬ್ಬರು ಮುಂದಿನವನಿಗೆ ಮಾರಲೆಂದೇ ಕೊಳ್ಳುತ್ತಾರೆ. ಒಂದು ಹರಾಜಿನಲ್ಲಿ ಎರಡನೆಯವರೇ ತುಂಬಿದ್ದರೆ ಆ ಬೆಲೆ ಬೇಡಿಕೆಯ ಅಳತೆಯಲ್ಲ. ಪಿರಮಿಡ್ ಸ್ಕೀಮಿನ ಕೊನೆಯ ಸದಸ್ಯನಂತೆ, ಮರಿ ಕೈಯಲ್ಲಿ ಹಿಡಿದು ಕಡೆಗೆ ನಿಲ್ಲುವವನು ನಷ್ಟ ಹೊರುತ್ತಾನೆ.

ಹಂತ 3: ಕೊಳ್ಳದೆ ನೋಡಿ

ನಮ್ಮ ಕಡೆಯ ಜಿಲ್ಲೆಗಳಲ್ಲಿ ಅಮೆರಿಕದಂತೆ ಕ್ಯಾಟಲಾಗ್ ಅಚ್ಚು ಹಾಕಿಸಿ, ಹರಾಜಿಗೆ ಬರುವ ಪ್ರತಿ ಆಡಿಗೂ ಲಾಟ್ ನಂಬರ್ ಕೊಟ್ಟು ನಡೆಸುವ ತಳಿ ಹರಾಜು ರೂಢಿಯಲ್ಲಿಲ್ಲ. ನಮ್ಮಲ್ಲಿರುವುದು ಸಂತೆ, ದಲಾಲಿ, ಫಾರ್ಮಿನ ಗೇಟಿನಲ್ಲಿ ನಡೆಯುವ ಮಾತುಕತೆ, ಈಚೆಗೆ ಮೊಬೈಲ್‌ನಲ್ಲಿ ಕೂಗುವ ಸವಾಲು. ರೂಪ ಯಾವುದೇ ಇರಲಿ, ಒಂದು ನೋಟ್‌ಬುಕ್ ಇಟ್ಟುಕೊಂಡು ಕೆಲವು ತಿಂಗಳು ಬರೆಯುತ್ತಾ ಹೋಗಿ.

ಬರೆಯಬೇಕಾದದ್ದು ಕೇಳಿದ ಬೆಲೆ ಅಲ್ಲ, ಕೈ ಬದಲಾದ ಬೆಲೆ. ವಿಡಿಯೊದಲ್ಲಿ ಹೇಳುವುದು ಕೇಳಿದ ಬೆಲೆ. ಎರಡರ ನಡುವಿನ ಅಂತರ ಎಷ್ಟೆಂಬುದೇ ಮೊದಲ ಪಾಠ.

ಹೋಲಿಸುವಾಗ ಸಮ ಸಮ ಇಟ್ಟು ಹೋಲಿಸಿ. ಆಡಿನ ವಯಸ್ಸು ಹೇಳುವುದು ಬಂದಿರುವ ದೊಡ್ಡ ಹಲ್ಲುಗಳ ಎಣಿಕೆಯಿಂದ, ಆ ಲೆಕ್ಕ ಹಂತ 5ರಲ್ಲಿದೆ. ಎರಡು ಹಲ್ಲಿನ, 50 ಕೆ.ಜಿ.ಯ ಡ್ಯಾಪಲ್ ಹೋತದ ಪಕ್ಕ ಎರಡು ಹಲ್ಲಿನ, 50 ಕೆ.ಜಿ.ಯ ಕೆಂಪು ತಲೆಯ ಹೋತವನ್ನೇ ನಿಲ್ಲಿಸಬೇಕು. ನಾಲ್ಕು ಹಲ್ಲಿನ ಬಣ್ಣದ ಹೋತವನ್ನು ಹಾಲುಹಲ್ಲಿನ ಸಾದಾ ಮರಿಯ ಜೊತೆ ಹೋಲಿಸಿ ನೋಡಿ ಬಣ್ಣಕ್ಕೆ ಎಷ್ಟು ಬೆಲೆ ಎನ್ನುವವರೇ ಹೆಚ್ಚು.

ಮಾರಾಟವಾಗದೆ ವಾಪಸ್ ಹೋದವನ್ನೂ ಬರೆದಿಡಿ. ಅದೇ ಹೋತ ಮುಂದಿನ ತಿಂಗಳು ಬೇರೆ ಊರಿನಲ್ಲಿ ಬೇರೆ ಹೆಸರಿನಿಂದ ಬಂದರೆ ಗುರುತು ಸಿಗುತ್ತದೆ, ಏಕೆಂದರೆ ಚುಕ್ಕಿಯ ಆಡನ್ನು ಮರೆಯುವುದು ಕಷ್ಟ. ಹೆಣ್ಣಿನ ಬೆಲೆಯನ್ನು ಪ್ರತ್ಯೇಕವಾಗಿ ಬರೆಯಿರಿ. ಬಣ್ಣದ ಹೆಣ್ಣು ಮರಿಗೆ ಬೆಲೆ ಏರುತ್ತಿದ್ದರೆ ಸಾಕುವವರು ನಿಜವಾಗಿ ಹಿಂಡು ಕಟ್ಟುತ್ತಿದ್ದಾರೆ ಎಂದು ತಿಳಿಯಿರಿ. ಹೋತಕ್ಕೆ ಮಾತ್ರ ಬೆಲೆ, ಹೆಣ್ಣಿಗೆ ಕೇಳುವವರಿಲ್ಲ ಎಂದರೆ ಅದು ಗೌಜು.

ಸವಾಲು ಏರಿಸುವವರ ಮುಖ ನೋಡಿ. ಮಾರುವವನ ಕಡೆಯವನೇ ಜನರ ನಡುವೆ ನಿಂತು ಕೂಗುವುದು ಹಳೆಯ ಚಾಳಿ, ಎತ್ತಿನ ಸಂತೆಯಿಂದಲೂ ಬಂದದ್ದು. ಪ್ರತಿ ಲಾಟ್‌ಗೂ ಕೂಗಿ ಒಂದನ್ನೂ ಒಯ್ಯದವನು ಯಾರೆಂದು ಸಂಜೆಯ ಹೊತ್ತಿಗೆ ತಿಳಿದಿರುತ್ತದೆ.

ಹಂತ 4: ಬೆಲೆಯನ್ನು ಮೂರು ತುಂಡು ಮಾಡಿ

ಒಂದು ಲೆಕ್ಕ ಹಾಕೋಣ. ಇಲ್ಲಿನ ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಸಂತೆಯ ಆ ವಾರದ ದರ ಹಾಕಿಕೊಳ್ಳಿ.

50 ಕೆ.ಜಿ. ತೂಗುವ ಡ್ಯಾಪಲ್ ಹೋತಕ್ಕೆ 60,000 ರೂಪಾಯಿ ಹೇಳುತ್ತಿದ್ದಾರೆ ಎನ್ನಿ. ಜೀವಂತ ತೂಕಕ್ಕೆ ಕೆ.ಜಿ.ಗೆ 450 ರೂಪಾಯಿ ಹಿಡಿದರೆ ಮಾಂಸದ ಬೆಲೆ 22,500. ಇದು ನೆಲ, ಏನೇ ಆದರೂ ವಾಪಸ್ ಬರುವ ಹಣ. ಅದೇ ಗುಣದ ಕೆಂಪು ತಲೆಯ ಹೋತ 45,000ಕ್ಕೆ ಹೋಗುತ್ತಿದ್ದರೆ ನಡುವಿನ 22,500 ಬೀಜದ ಬೆಲೆ. ಉಳಿದ 15,000 ಬರೀ ಬಣ್ಣದ್ದು.

ಈಗ ಆ 15,000ವನ್ನು ಬಣ್ಣವೇ ದುಡಿದು ಕೊಡಬೇಕು. ಒಂದು ಹೋತಕ್ಕೆ 25 ಆಡು, ಅದರಲ್ಲಿ 20 ಈದವು, ಸರಾಸರಿ ಒಂದೂವರೆ ಮರಿ ಎಂದರೆ 30 ಮರಿ. ಮೂರರಲ್ಲೊಂದು ಬಣ್ಣದ್ದಾಗಿ ಬಂದರೆ 10. ಐದು ಹೆಣ್ಣು, ಐದು ಗಂಡು. ಹೆಣ್ಣೆಲ್ಲ ತಳಿಗೆಂದೇ ಹೋದರೂ ಗಂಡಿನಲ್ಲಿ ಬೀಜಕ್ಕೆ ಹೋಗುವುದು ಒಂದೇ ಎನ್ನಿ. ಆರು ಮರಿಗಳಿಗೆ ತಲಾ 1,500 ಹೆಚ್ಚು ಸಿಕ್ಕರೆ 9,000. ಒಂದು ಸೂಲಿನಲ್ಲಿ ಬಣ್ಣದ ಹಣ ಹುಟ್ಟಲಿಲ್ಲ, ಎರಡನೆಯದಕ್ಕೆ ಕಾಯಬೇಕು. ಎರಡು ಸೂಲುಗಳ ನಡುವೆ ಎಂಟು ತಿಂಗಳು, ಆಮೇಲೆ ಮರಿ ಮಾರುವಷ್ಟು ಬೆಳೆಯಬೇಕು. ಅಷ್ಟು ಹೊತ್ತಿಗೆ ನಿಮ್ಮ ತಾಲ್ಲೂಕಿನಲ್ಲಿ ಇನ್ನೂ ನಾಲ್ಕು ಜನ ಡ್ಯಾಪಲ್ ಹೋತ ತಂದಿರುತ್ತಾರೆ.

ಹಿಂಡಿನಲ್ಲಿ 25 ಆಡು ಇಲ್ಲದೆ ಎಂಟೋ ಹತ್ತೋ ಇದ್ದರೆ ಈ ಲೆಕ್ಕ ಎಂದೂ ಕೂಡುವುದಿಲ್ಲ. ಅಂಥವರು ಕೆಂಪು ತಲೆಯ ಒಳ್ಳೆಯ ಹೋತವನ್ನೇ ತರಲಿ, ಇಲ್ಲವೇ ಪಕ್ಕದವರ ಹೋತಕ್ಕೆ ಬಿಡಿಸಿಕೊಳ್ಳಲಿ.

ಹಂತ 5: ಮುಟ್ಟಿ ನೋಡಿ

ಬಣ್ಣದ ಹೋತ ನೋಡಲು ಹೋದವರ ಕಣ್ಣು ಮೈಮೇಲೇ ನಿಂತುಬಿಡುತ್ತದೆ. ಅದಕ್ಕೆ ಬಾಯಿಯಿಂದ ಶುರು ಮಾಡಿ. ಎರಡು ಹಲ್ಲು ಎಂದರೆ ಒಂದು ವರ್ಷದಿಂದ ಒಂದೂವರೆ ವರ್ಷ, ನಾಲ್ಕು ಎಂದರೆ ಎರಡರ ಆಸುಪಾಸು, ಆರು ಎಂದರೆ ಮೂರು, ಎಂಟೂ ಹಲ್ಲು ಬಂದು ಬಾಯಿಗೂಡಿದ್ದರೆ ನಾಲ್ಕು. ಕೆಳದವಡೆ ಗಿಡ್ಡದಾಗಿ ಮೇಲ್ದವಡೆ ಗಿಣಿಮೂತಿಯಂತೆ ಮುಂದೆ ಚಾಚಿದ್ದರೆ ಅಲ್ಲಿಗೆ ಮಾತು ಮುಗಿಸಿ. ಆ ದೋಷ ಮರಿಗೂ ಇಳಿಯುತ್ತದೆ.

ಬಾಲ ಎತ್ತಿ ನೋಡಿ. ಬಣ್ಣದ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಜಾಗ ಇದು. ದಕ್ಷಿಣ ಆಫ್ರಿಕಾದ ಮಾನದಂಡ ಬಾಲದ ಕೆಳಗಿನ ಬೋಳು ಚರ್ಮದಲ್ಲಿ ಕಡೇಪಕ್ಷ 75 ಪ್ರತಿಶತ ಬಣ್ಣ ಕೇಳುತ್ತದೆ, ಕಣ್ಣಿನ ರೆಪ್ಪೆಯಲ್ಲೂ ಕೇಳುತ್ತದೆ. ಗುಲಾಬಿ ಚರ್ಮ ಬಿಸಿಲಿಗೆ ಸುಡುತ್ತದೆ, ಅದರಿಂದ ಚರ್ಮದ ಕ್ಯಾನ್ಸರ್ ಕೂಡ ಬರಬಹುದು. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ರಾಯಚೂರು, ಬಳ್ಳಾರಿಯಲ್ಲಿ ಇದು ಚಂದದ ಮಾತಲ್ಲ. ಕೂದಲಿನ ಬಣ್ಣ ಮಾರಾಟಕ್ಕೆ, ಚರ್ಮದ ಬಣ್ಣ ಬದುಕಿಗೆ. ಮೈತುಂಬ ಚುಕ್ಕಿ ಇದ್ದೂ ಬಾಲದಡಿ ಗುಲಾಬಿಯಾಗಿರುವ ಆಡಿಗಿಂತ ಬಿಳಿ ಮೈಯ, ಬಾಲದಡಿ ಕಂದು ತುಂಬಿದ ಆಡು ನಮ್ಮ ಬಿಸಿಲಿಗೆ ಮೇಲು.

ಬೀಜದ ಚೀಲ ಎರಡೂ ಕೈಯಲ್ಲಿ ಹಿಡಿಯಿರಿ. ಎರಡು ಬೀಜ ಸಮ ಇರಬೇಕು, ಗಟ್ಟಿಯಾಗಿರಬೇಕು, ಗಂಟು ಇರಬಾರದು. ಬೆಳೆದ ಹೋತದಲ್ಲಿ ಸುತ್ತಳತೆ ಕನಿಷ್ಠ 25 ಸೆಂ.ಮೀ., ಚೀಲದ ತುದಿಯ ಸೀಳು 5 ಸೆಂ.ಮೀ. ದಾಟಬಾರದು. ಟೈಲರ್ ಟೇಪ್ ಜೇಬಿನಲ್ಲಿರಲಿ. ಬೇಸಿಗೆಯ ತಾಪಕ್ಕೆ ಬೀಜ ಕುಗ್ಗಿದ ಹೋತ ಚೇತರಿಸಿಕೊಳ್ಳಲು ಸುಮಾರು ಎರಡು ತಿಂಗಳು ತಗಲುವುದುಂಟು. ಹೀಗಾಗಿ ಮೇನಲ್ಲಿ ಕೊಂಡು ಜೂನ್‌ನಲ್ಲೇ ಗಬ್ಬ ನಿಲ್ಲಬೇಕೆಂದು ಬಯಸಬೇಡಿ. ಹೋತಕ್ಕೂ ಮೊಲೆತೊಟ್ಟು ಎಣಿಸಿ. ಬೋಯರ್‌ನಲ್ಲಿ ಹೆಚ್ಚುವರಿ ತೊಟ್ಟು ಸಾಮಾನ್ಯ. ಅದು ತಡೆದುಕೊಳ್ಳಬಹುದಾದದ್ದು, ಆದರೆ ಒಂದಕ್ಕೊಂದು ಅಂಟಿ ಮೀನಿನ ಬಾಲದಂತೆ ಸೀಳಿದ ತೊಟ್ಟು ಬೇಡ. ಅಂಥ ತಾಯಿಯಡಿ ಮರಿ ಹಾಲು ಹಿಡಿಯಲು ಒದ್ದಾಡುತ್ತದೆ.

ತಳಿಯ ಗುರುತಿಗೆ ಬಣ್ಣ ಬಿಟ್ಟು ಆಕಾರ ನೋಡಿ. ಉಬ್ಬಿದ ಮೂಗು, ಹಿಂದಕ್ಕೆ ಬಾಗಿದ ಗಟ್ಟಿ ಕೊಂಬು, ಅಗಲವಾಗಿ ಕೆಳಗೆ ಜೋತ ಕಿವಿ, ದುಂಡನೆಯ ಪಕ್ಕೆ, ಹಿಂದಿನಿಂದ ನೋಡಿದರೆ ತುಂಬಿದ ತೊಡೆ. ಬಾರ್ಬರಿ ಬೆರಕೆಯಾದರೆ ಕಿವಿಯೇ ಹೇಳುತ್ತದೆ, ಅದರ ಕಿವಿ ಗಿಡ್ಡ, ನೆಟ್ಟಗೆ. ಮೋಸ ಹೋಗುವುದು ಬೀಟಲ್ ಬೆರಕೆಯಲ್ಲಿ. ಬೀಟಲ್‌ಗೂ ಉಬ್ಬಿದ ಮೂಗು, ಉದ್ದ ಜೋತ ಕಿವಿ ಇರುವುದರಿಂದ ಅದರ ಕರಿ ಬೆರಕೆ ಕರಿ ಬೋಯರ್‌ನಂತೆಯೇ ಕಾಣುತ್ತದೆ. ಕಾಲು ನೋಡಿ. ಬೀಟಲ್ ಎತ್ತರ, ಉದ್ದ ಕಾಲು, ತೊಡೆ ತೆಳು. ಬೋಯರ್ ಗಿಡ್ಡ, ಅಗಲ.

ಕೊನೆಗೆ ಬಿಳಿ ಬಟ್ಟೆ ಒದ್ದೆ ಮಾಡಿ ಚುಕ್ಕಿಯ ಮೇಲೆ ಉಜ್ಜಿ. ಮಾರುವವನು ಬೇಸರ ಪಟ್ಟರೆ ಪಡಲಿ.

ಹಂತ 6: ಕಾಗದ ಕೇಳಿ, ಆದರೆ ಕಾಗದ ನಂಬಿ ಕೊಳ್ಳಬೇಡಿ

ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ದಾಖಲಿಸುವುದು ನಮ್ಮ ದೇಶದ ತಳಿಗಳನ್ನು. ಕರ್ನಾಟಕದ ನಂದಿದುರ್ಗ, ಬಿದರಿ ಆಡುಗಳು ಆ ಪಟ್ಟಿಯಲ್ಲಿವೆ. ಬೋಯರ್ ಹೊರಗಿನದು. ನಿಮ್ಮ ಕೈಗೆ ಬರುವ ಸರ್ಟಿಫಿಕೇಟ್ ಬಹುತೇಕ ಮಾರುವವರೇ ಅಚ್ಚು ಹಾಕಿಸಿದ್ದು. ಅದರಲ್ಲಿ ಸಹಿ, ಸೀಲು ಇರುತ್ತವೆ, ಹಿಂದೆ ದಾಖಲೆಪುಸ್ತಕ ಇರುವುದಿಲ್ಲ.

ಶೇಕಡಾ ಲೆಕ್ಕ ಗೊತ್ತಿರಲಿ. ಬೋಯರ್ ಹೋತಕ್ಕೆ ನಾಟಿ ಆಡು ಬಿಟ್ಟರೆ ಮರಿಯಲ್ಲಿ ಬೋಯರ್ ರಕ್ತ ಶೇ 50, ಆ ಮರಿಗೆ ಮತ್ತೆ ಬೋಯರ್ ಬಿಟ್ಟರೆ 75, ಮುಂದೆ 87.5, ಆಮೇಲೆ 93.75. ಅಮೆರಿಕದ ಸಂಘದಲ್ಲಿ ಹೆಣ್ಣು ಹದಿನಾರರಲ್ಲಿ ಹದಿನೈದು ಪಾಲು, ಅಂದರೆ 93.75 ಮುಟ್ಟಿದರೆ ಪ್ಯೂರ್‌ಬ್ರೆಡ್. ಹೋತಕ್ಕೆ ಇನ್ನೂ ಒಂದು ತಲೆಮಾರು ಬೇಕು, ಮೂವತ್ತೆರಡರಲ್ಲಿ ಮೂವತ್ತೊಂದು ಪಾಲು. ಫುಲ್‌ಬ್ಲಡ್ ಎಂದರೆ ಬೇರೆ ರಕ್ತ ಇಲ್ಲವೇ ಇಲ್ಲ. ಈ ಪದಗಳನ್ನು ನಮ್ಮಲ್ಲಿ ಒಂದೇ ಎಂಬಂತೆ ಬಳಸುತ್ತಾರೆ. ಎಷ್ಟನೇ ತಲೆಮಾರು, ತಾಯಿ ಎಲ್ಲಿ, ತಂದೆ ಎಲ್ಲಿ ಎಂದು ಕೇಳಿ. ಸಾಧ್ಯವಿದ್ದರೆ ತಾಯಿಯನ್ನೂ, ಅದೇ ಹೋತದ ಹಳೆಯ ಮರಿಗಳನ್ನೂ ನೋಡಿ. ಮರಿಗಳಿಗಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಕಿವಿಯಲ್ಲಿ 12 ಅಂಕಿಯ ಸರ್ಕಾರಿ ಓಲೆ ಇದ್ದರೆ ನಂಬರ್ ಬರೆದುಕೊಳ್ಳಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 100 ಹೆಣ್ಣು, 5 ಹೋತದ ಘಟಕಕ್ಕೆ ಶೇ 50ರಂತೆ ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇದೆ. ಆದರೆ ಬೋಯರ್ ತರುವ ಮುನ್ನ, ಯಾವ ತಳಿಗೆ ಒಪ್ಪುತ್ತಾರೆಂದು ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಕೇಳಿಕೊಂಡು ಹೆಜ್ಜೆ ಇಡಿ.

ಹಂತ 7: ತಂದ ಮೇಲೆ ಮೊದಲ ತಿಂಗಳು

ಬಿಸಿಲಲ್ಲಿ ಸಾಗಿಸಬೇಡಿ, ರಾತ್ರಿ ಹೊರಡಿ. ಊರಿಗೆ ಬಂದ ಹೋತವನ್ನು ಮೂರರಿಂದ ನಾಲ್ಕು ವಾರ ಹಿಂಡಿನಿಂದ ದೂರ ಕಟ್ಟಿ. ಪಿಪಿಆರ್ ಎಂಬ ಆಡು-ಕುರಿಗಳ ಅಂಟುರೋಗ, ಕರುಳುಬೇನೆ, ಕಾಲುಬಾಯಿ ಬೇನೆಯ ಲಸಿಕೆ ಯಾವಾಗ ಆಯಿತೆಂದು ಕೇಳಿ ಬರೆದಿಡಿ. ಬ್ರುಸೆಲ್ಲಾ ರಕ್ತ ಪರೀಕ್ಷೆ ಮಾಡಿಸದೆ ಹೋತವನ್ನು ಆಡುಗಳಿಗೆ ಬಿಡಬಾರದು. ಮನುಷ್ಯರಿಗೂ ಹತ್ತುವ ರೋಗ ಅದು. ಸ್ಥಳೀಯ ಪಶುವೈದ್ಯರು ಮಾದರಿ ತೆಗೆದು ಕಳಿಸುತ್ತಾರೆ. ತುರ್ತು ಬಿದ್ದರೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಗಂಗಾವತಿ, ಸಿಂಧನೂರಿನ ಕಾಲುವೆ ನೀರಿನ ಗದ್ದೆ ಬದುಗಳಲ್ಲಿ ಮೇಯಿಸುವವರು ಯಕೃತ್ತಿನ ಚಪ್ಪಟೆ ಹುಳುವಿನ ಬಗ್ಗೆ ಎಚ್ಚರ ಇರಬೇಕು. ಬಸವನಹುಳು ಇರುವ ಕಡೆ ಅದು ಬರುತ್ತದೆ. ಯಲಬುರ್ಗಾ, ಕುಷ್ಟಗಿಯ ಒಣ ಎರೆಯಲ್ಲಿ ಆ ಕಾಟ ಕಡಿಮೆ. ಮೇವು ಒಮ್ಮೆಲೇ ಬದಲಿಸಬೇಡಿ. ಫಾರ್ಮಿನಲ್ಲಿ ಹಿಂಡಿ ತಿಂದು ಬೆಳೆದ ಹೋತಕ್ಕೆ ನಮ್ಮ ಶೇಂಗಾ ಹೊಟ್ಟು, ತೊಗರಿ ಹೊಟ್ಟು, ಸುಬಾಬುಲ್ ಸೊಪ್ಪು ನಿಧಾನವಾಗಿ ರೂಢಿಯಾಗಲಿ. ವಿಡಿಯೊದಲ್ಲಿ ಕಂಡ ಮೈ ಆ ಹಿಂಡಿಯದ್ದೂ ಹೌದು ಎಂಬುದು ಆಗ ತಿಳಿಯುತ್ತದೆ.

ಮೊದಲ ಸಲ ಗಬ್ಬ ನಿಲ್ಲುವ ಸಣ್ಣ ನಾಟಿ ಆಡುಗಳಿಗೆ ಈ ಹೋತ ಬಿಡಬೇಡಿ. ಮರಿ ದೊಡ್ಡದಾಗಿ ಈಯುವಾಗ ಸಿಕ್ಕಿಕೊಳ್ಳುತ್ತದೆ.

ಹಂತ 8: ಮರಿಯ ಬಣ್ಣಕ್ಕೆ ಮಾತು ಕೊಡಬೇಡಿ

ಬೋಯರ್‌ನ ಬಿಳುಪು ಹೇಗೆ ಬರುತ್ತದೆಂದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಇಡಿಎನ್‌ಆರ್‌ಎ ಎಂಬ ಜೀನ್ ಇರುವ ಭಾಗ ಈ ತಳಿಯಲ್ಲಿ ಹಲವು ಪ್ರತಿಗಳಾಗಿ ಹೆಚ್ಚಿರುತ್ತದೆ, ಪ್ರತಿಗಳ ಸಂಖ್ಯೆ ಏರಿದಂತೆ ಮೈಬಣ್ಣ ಮಾಸುತ್ತದೆ. ಇದರ ಜೊತೆಗೆ ಕರಿ, ಕೆಂಪು ನಿರ್ಧರಿಸುವ ಜೀನ್‌ಗಳು ಬೇರೆಯೇ ಇವೆ. ಹೀಗಾಗಿ ಬಣ್ಣದ ಹೋತಕ್ಕೆ ಬಣ್ಣದ ಆಡು ಬಿಟ್ಟರೂ ಒಂದೇ ಸೂಲಿನಲ್ಲಿ ಒಂದು ಚುಕ್ಕಿಯದು, ಒಂದು ಸಾದಾ ಹುಟ್ಟಬಹುದು. ಹುಟ್ಟುವ ಮೊದಲೇ ಚುಕ್ಕಿ ಮರಿಗೆ ಮುಂಗಡ ತೆಗೆದುಕೊಳ್ಳುವವರನ್ನು ಕಂಡಿದ್ದೇನೆ. ಮರಿ ಬಿಳಿಯಾಗಿ ಹುಟ್ಟಿದಾಗ ಆ ಮಾತುಕತೆ ಕೇಳಲು ಚೆನ್ನಾಗಿರುವುದಿಲ್ಲ.

ಪ್ರತಿ ಮರಿಯ ತಾಯಿ, ತಂದೆ, ಹುಟ್ಟಿದ ದಿನ, ಹುಟ್ಟುತೂಕ, ಮೂರು ತಿಂಗಳ ತೂಕ ಬರೆದಿಡಿ. ಹುಟ್ಟಿದ ವಾರದಲ್ಲೇ ಎರಡೂ ಮಗ್ಗುಲಿನ ಫೋಟೊ ತೆಗೆಯಿರಿ. ಮಚ್ಚೆಯ ಆಕಾರವೇ ಮುಂದೆ ಗುರುತಿನ ಚೀಟಿ.

ಹಂತ 9: ನೀವೇ ಮಾರಲು ನಿಂತಾಗ

ಗಂಡು ಮರಿಗಳಲ್ಲಿ ಬೀಜಕ್ಕೆ ಯೋಗ್ಯವಾದದ್ದನ್ನು ಮಾತ್ರ ಬೀಜಕ್ಕೆಂದು ನಿಲ್ಲಿಸಿ. ಉಳಿದವನ್ನು, ಎಷ್ಟೇ ಚುಕ್ಕಿ ಇರಲಿ, ಬಕ್ರೀದ್‌ಗೋ ತೂಕಕ್ಕೋ ಬಿಡಿ. ಗಿಣಿಮೂತಿಯ ಚುಕ್ಕಿ ಹೋತವನ್ನು ಒಬ್ಬರಿಗೆ ದಾಟಿಸಿದರೆ ಸುದ್ದಿ ಮುಂದಿನ ಸಂತೆಯೊಳಗೆ ಮೂರು ತಾಲ್ಲೂಕು ಸುತ್ತುತ್ತದೆ.

ಸವಾಲಿಗೆ ಇಡುವಾಗ ಕನಿಷ್ಠ ಬೆಲೆ ಮೊದಲೇ ಹೇಳಿಬಿಡಿ. ಅದು ಅದೇ ತೂಕದ ಸಾದಾ ಹೋತದ ಬೆಲೆಗಿಂತ ಸ್ವಲ್ಪವೇ ಮೇಲಿರಲಿ. ಬಣ್ಣದ ಬೆಲೆಯನ್ನು ಕೊಳ್ಳುವವರು ಏರಿಸಲಿ, ನೀವು ಏರಿಸಬೇಡಿ. ಮೊದಲಿಗೇ ಎತ್ತರ ಹೇಳಿದ ಲಾಟು ಮುಟ್ಟುವವರಿಲ್ಲದೆ ನಿಂತರೆ ಅದರ ಹಿಂದೆ ಬರುವ ಲಾಟುಗಳೂ ತಣ್ಣಗಾಗುತ್ತವೆ. ಒಳ್ಳೆಯದನ್ನು ಮೊದಲನೆಯದಾಗಿಯೂ ಬೇಡ, ಕೊನೆಯದಾಗಿಯೂ ಬೇಡ, ಎರಡನೆಯದೋ ಮೂರನೆಯದೋ ಇಡಿ, ಅಷ್ಟರಲ್ಲಿ ಜನ ಸೇರಿರುತ್ತಾರೆ, ಜೇಬೂ ಖಾಲಿಯಾಗಿರುವುದಿಲ್ಲ.

ಬಾಲದಡಿಯ ಫೋಟೊ, ಬೀಜದ ಸುತ್ತಳತೆ, ಹಲ್ಲು, ತೂಕ, ಲಸಿಕೆಯ ತಾರೀಖು ಐದನ್ನೂ ವಿಡಿಯೊದ ಜೊತೆಗೇ ಹಾಕಿ. ನಮ್ಮ ಕಡೆ ಇದನ್ನು ಮಾಡುವವರು ತೀರಾ ಕಡಿಮೆ. ದೂರದಿಂದ ಕೊಳ್ಳುವವನು ಫೋನ್ ಮಾಡಿ ಮೊದಲು ಕೇಳುವುದೂ ಇವನ್ನೇ. ಸಾದಾ ಬಿಳಿ ಮೈಯ ಒಡಹುಟ್ಟಿದ ಹೆಣ್ಣು ಮರಿಗಳನ್ನೂ ಅದೇ ಪಟ್ಟಿಯಲ್ಲಿ ಸೇರಿಸಿ. ಬಣ್ಣದ ಹೋತ ನೋಡಲು ಬಂದವರು ಬೆಲೆ ಕೇಳಿ ಹಿಂದೆ ಸರಿದು, ಈ ಹೆಣ್ಣುಗಳನ್ನು ಒಯ್ಯುವುದುಂಟು.